ಹಿಂದಕ್ಕೆ ಹೋಗುವ ಟ್ರೇಲರಿನ ಲೆಕ್ಕ

ಮಂಡ್ಯದ ಕಡೆ ಆಲೆಮನೆಗೆ ಕಬ್ಬು ತಂದ ಟ್ರ್ಯಾಕ್ಟರ್ ರಿವರ್ಸ್ ಬರುವುದನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಪಳಗಿದ ಚಾಲಕ ಸ್ಟೇರಿಂಗನ್ನು ಹೆಚ್ಚು ತಿರುಗಿಸುವುದೇ ಇಲ್ಲ. ಒಂದಿಷ್ಟು ಎಡಕ್ಕೆ, ಮತ್ತೊಂದಿಷ್ಟು ಬಲಕ್ಕೆ; ಕತ್ತು ಮಾತ್ರ ಸದಾ ಹಿಂದಕ್ಕೆ. ಹೊಸಬನಾದರೆ ಸ್ಟೇರಿಂಗನ್ನು ಪೂರ್ತಿ ತಿರುಗಿಸಿಬಿಡುತ್ತಾನೆ. ಟ್ರ್ಯಾಕ್ಟರೂ ಟ್ರೇಲರೂ ಕೊಂಡಿಯ ಬಳಿ ಮಡಚಿಕೊಂಡು ನಿಲ್ಲುತ್ತವೆ.

‘ಟ್ರೇಲರ್ ಇದ್ದರೆ ಎಲ್ಲ ಉಲ್ಟಾ’ ಎಂದು ಹೇಳಿಕೊಡುವವರಿದ್ದಾರೆ. ಅದು ಅರ್ಧ ಪಾಠ. ಎರಡು ಚಕ್ರದ ಟ್ರೇಲರಿನ ಹಿಂಭಾಗ ಬಲಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಮೊದಲು ಎಡಕ್ಕೆ ತಿರುಗಬೇಕು, ನಿಜ. ಆಗ ಟ್ರ್ಯಾಕ್ಟರಿನ ಹಿಂಬದಿ ಎಡಕ್ಕೆ ಸರಿದು ಕೊಂಡಿಯನ್ನೂ ಎಡಕ್ಕೆ ಒಯ್ಯುತ್ತದೆ, ಟ್ರೇಲರ್ ತನ್ನ ಅಚ್ಚಿನ ಸುತ್ತ ತಿರುಗಿ ಹಿಂಭಾಗವನ್ನು ಬಲಕ್ಕೆ ಚಾಚುತ್ತದೆ. ಅಷ್ಟಕ್ಕೇ ಬಿಟ್ಟರೆ ಕೆಲಸ ಕೆಟ್ಟಿತು. ಬೇಕಾದ ಕೋನ ಬರುವ ಮೊದಲೇ ಸ್ಟೇರಿಂಗನ್ನು ಬಲಕ್ಕೆ ತಂದು ಟ್ರೇಲರನ್ನು ಹಿಂಬಾಲಿಸಬೇಕು. ಕಷ್ಟವಿರುವುದು ಈ ಎರಡನೆಯ ಹೆಜ್ಜೆಯಲ್ಲಿ.

ಏಕೆಂದರೆ ತಳ್ಳಿಸಿಕೊಳ್ಳುವ ಟ್ರೇಲರ್ ತಾನಾಗಿ ನೇರವಾಗುವುದಿಲ್ಲ. ಕೊಂಡಿಯಿಂದ ಅಚ್ಚಿಗೆ 3 ಮೀಟರ್ ಇದೆ, ಟ್ರೇಲರ್ ಬರೀ 2 ಡಿಗ್ರಿ ವಾರೆಯಾಗಿದೆ ಎಂದುಕೊಳ್ಳಿ. ಸ್ಟೇರಿಂಗ್ ಅಲುಗಿಸದೆ ನೇರವಾಗಿ ಹಿಂದಕ್ಕೆ ಹೋದರೂ 3 ಮೀಟರಿನಲ್ಲಿ ಆ ವಾರೆ 5 ಡಿಗ್ರಿ ದಾಟುತ್ತದೆ, 6 ಮೀಟರಿನಲ್ಲಿ ಸುಮಾರು 15, 9 ಮೀಟರಿನಲ್ಲಿ ಹತ್ತಿರ ಹತ್ತಿರ 39. ಟ್ರೇಲರಿನ ಒಂದೊಂದು ಉದ್ದಕ್ಕೂ ವಾರೆ ಸುಮಾರು 2.7 ಪಟ್ಟು ಹಿಗ್ಗುತ್ತಾ ಹೋಗುತ್ತದೆ. ಅಂಗೈ ಮೇಲೆ ಉದ್ದನೆಯ ಕೋಲನ್ನು ನಿಲ್ಲಿಸಬಹುದು, ಪೆನ್ಸಿಲನ್ನು ನಿಲ್ಲಿಸುವುದು ಬಲು ಕಷ್ಟ. ಗಿಡ್ಡ ಟ್ರೇಲರ್ ಹೆಚ್ಚು ಕಾಡುವುದೂ ಹಾಗೆಯೇ.

ಒಂದು ವ್ಯತ್ಯಾಸವಿದೆ. ಕೋಲು ಬೀಳುವುದು ಸಮಯದ ಲೆಕ್ಕದಲ್ಲಿ, ಟ್ರೇಲರ್ ವಾರೆಯಾಗುವುದು ದೂರದ ಲೆಕ್ಕದಲ್ಲಿ. ಮೇಲಿನ ಅಂಕಿಗಳಲ್ಲಿ ವೇಗ ಎಲ್ಲಿಯೂ ಬಂದಿಲ್ಲ. ಆಮೆಯ ವೇಗದಲ್ಲಿ ಹೋದರೂ 9 ಮೀಟರಿನಲ್ಲಿ ಅದೇ 39 ಡಿಗ್ರಿ. ನಿಧಾನ ಹೋದರೆ ಸಿಗುವ ಲಾಭ, ತಿದ್ದಲು ಚಾಲಕನಿಗೆ ಪುರುಸೊತ್ತು, ಅಷ್ಟೇ. ಕೋನ ಒಂದು ಮಿತಿ ಮೀರಿತೆಂದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ ತಿದ್ದಲಾಗದು. ಆಗ ಉಳಿಯುವುದು ಮೊದಲನೆಯ ಗೇರ್. ಮುಂದಕ್ಕೆ ಎಳೆದರೆ ಇದೇ ಲೆಕ್ಕ ತಿರುಗಿ ನಡೆದು, 3 ಮೀಟರಿನಲ್ಲಿ ವಾರೆ ಸುಮಾರು ಮೂರನೇ ಒಂದರಷ್ಟಕ್ಕೆ ಇಳಿಯುತ್ತದೆ. ಇದನ್ನು ಅವಮಾನವೆಂದು ಭಾವಿಸುವವರೇ ಗೋಡೆಗೆ ಗುದ್ದುವುದು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೆರಿಕ್ ನ್ಯುಯೆನ್ ಮತ್ತು ಬರ್ನಾರ್ಡ್ ವಿಡ್ರೋ 1989ರಲ್ಲಿ ಈ ವಿದ್ಯೆಯನ್ನು ಕಂಪ್ಯೂಟರಿನ ನರಜಾಲಕ್ಕೆ, ಅಂದರೆ ಮಿದುಳಿನ ನರಗಳ ಮಾದರಿಯಲ್ಲಿ ಹೆಣೆದ, ತಾನೇ ಕಲಿಯುವ ಪ್ರೋಗ್ರಾಮಿಗೆ, ಕಲಿಸಿದರು. ಅದು ನಡೆಸುತ್ತಿದ್ದ, ಕಂಪ್ಯೂಟರಿನೊಳಗಿನ ಟ್ರೇಲರ್ ಲಾರಿಗೆ ಮುಂದಕ್ಕೆ ಹೋಗುವ ಅವಕಾಶವೇ ಇರಲಿಲ್ಲ. ಮೊದಲ ಪಾಠಗಳಲ್ಲಿ ಅದನ್ನು ಸರಕು ಇಳಿಸುವ ಕಟ್ಟೆಯ ತೀರಾ ಹತ್ತಿರ, ನೇರವಾಗಿ ನಿಲ್ಲಿಸಿದರು. ಅದು ಕೈವಶವಾದ ಮೇಲೆ ಇನ್ನಷ್ಟು ದೂರ, ಇನ್ನಷ್ಟು ವಾರೆ. ಖಾಲಿ ಬಯಲಿನಲ್ಲಿ ಕಲಿಯುವವರಿಗೂ ಈ ಕ್ರಮ ಒಗ್ಗುತ್ತದೆ. ಜೊತೆಗೆ, ಸ್ಟೇರಿಂಗಿನ ಕೆಳತುದಿಯನ್ನು ಹಿಡಿದರೆ ಕೈ ಸರಿದ ಕಡೆಗೇ ಟ್ರೇಲರಿನ ಹಿಂಭಾಗ ಹೋಗುತ್ತದೆ. ‘ಉಲ್ಟಾ’ದ ಗೊಂದಲ ಅಲ್ಲಿಗೆ ಮುಗಿಯಿತು.

ನಾಲ್ಕು ಚಕ್ರದ ಟ್ರೇಲರಿಗೆ ಮಾತ್ರ ಇದು ಹೊಂದದು. ಅದರ ಮುಂದಿನ ಅಚ್ಚೂ ಎಳೆಯುವ ದಂಡದ ಜೊತೆ ತಿರುಗುವುದರಿಂದ ಕೀಲುಗಳು ಎರಡಾಗುತ್ತವೆ. ಉಲ್ಟಾದ ಉಲ್ಟಾ ಎಂದರೆ ಮೊದಲ ತಿರುವು ಮತ್ತೆ ಕಾರಿನಂತೆಯೇ, ಆದರೆ ಹಿಗ್ಗುವ ವಾರೆಗಳು ಎರಡು. ಅಂಥದ್ದನ್ನು ಇಕ್ಕಟ್ಟಿನಲ್ಲಿ ಹಿಂದಕ್ಕೆ ಒಯ್ಯುವುದಕ್ಕಿಂತ, ಹೊರಳಿಸಿಕೊಂಡು ಬರಲು ಜಾಗ ಹುಡುಕುವುದು ಸುಲಭ.