ಕರೆಂಟ್ ಅಕೌಂಟ್ ಬದಲಿಸ್ತೀರಾ? ಹಳೆಯದನ್ನು ಈಗಲೇ ಮುಚ್ಚಬೇಡಿ

ರಾಜಾಜಿನಗರದ ನಮ್ಮ ಆಫೀಸಿಗೆ ಲೆಕ್ಕಪತ್ರ ತರುವ ಸಣ್ಣ ವ್ಯಾಪಾರಿಗಳು ಇತ್ತೀಚೆಗೆ ಕೇಳುವ ಪ್ರಶ್ನೆ ಇದು: "ಸಾರ್, ಕರೆಂಟ್ ಅಕೌಂಟನ್ನ ಡಿಜಿಟಲ್ ಬ್ಯಾಂಕಿಗೆ ಬದಲಾಯಿಸಿಬಿಡ್ಲಾ?" ಕಾರಣ ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ. ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ದಂಡ, ಆ ದಂಡದ ಮೇಲೆ ಶೇ 18 ಜಿಎಸ್‌ಟಿ. ಮೊಬೈಲ್ ನಂಬರ್ ಬದಲಿಸಬೇಕು ಅಂದರೂ ಅಂಗಡಿ ಬಿಟ್ಟು ಬ್ರಾಂಚಿನಲ್ಲಿ ಅರ್ಧ ದಿನ ಕೂರಬೇಕು. ಸಿಟ್ಟು ಬರೋದು ಸಹಜ ಅಲ್ವಾ?

ನಾನು ತಿರುಗಿ ಕೇಳುವುದು ಒಂದೇ. ಆ ಆ್ಯಪ್ ಹಿಂದೆ ಇರುವ ಬ್ಯಾಂಕ್ ಯಾವುದು?

ಬ್ರಾಂಚೇ ಇಲ್ಲದ ಡಿಜಿಟಲ್ ಬ್ಯಾಂಕಿಗೆ ನಮ್ಮ ದೇಶದಲ್ಲಿ ಪ್ರತ್ಯೇಕ ಲೈಸೆನ್ಸ್ ಇಲ್ಲ. ಅಂಥ ಲೈಸೆನ್ಸ್ ಬೇಕು ಅಂತ ನೀತಿ ಆಯೋಗ 2022ರಲ್ಲೇ ವರದಿ ಕೊಟ್ಟಿತ್ತು. ಹಾಗಾಗಿ ಜನ ಡಿಜಿಟಲ್ ಬ್ಯಾಂಕ್ ಅನ್ನುವುದು ಬೇರೆ ಬೇರೆ ಸರಕು. ಕೆಲವು ಮಾಮೂಲಿ ಬ್ಯಾಂಕುಗಳದ್ದೇ ಆನ್‌ಲೈನ್ ಕರೆಂಟ್ ಅಕೌಂಟ್. ಇನ್ನು ಕೆಲವು ಓಪನ್, ರೇಜರ್‌ಪೇಎಕ್ಸ್ ಥರದ ಆ್ಯಪ್‌ಗಳು. ಎರಡೂ ಬೆಂಗಳೂರಿನ ಕಂಪನಿಗಳದ್ದೇ. ಇವುಗಳಲ್ಲಿ ಬೋರ್ಡ್ ಒಬ್ಬರದು, ಗಲ್ಲಾ ಇನ್ನೊಬ್ಬರದು. ನಿಮ್ಮ ದುಡ್ಡು ಇರುವುದು ಅವರ ಜೊತೆ ಒಪ್ಪಂದ ಮಾಡಿಕೊಂಡ ಬ್ಯಾಂಕಿನಲ್ಲಿ. ಬ್ಯಾಂಕ್ ಮುಳುಗಿದರೆ ಸಿಗುವ ಠೇವಣಿ ವಿಮೆಯ 5 ಲಕ್ಷ ರೂಪಾಯಿ ಮಿತಿಯೂ ಆ ಬ್ಯಾಂಕಿನ ಲೆಕ್ಕಕ್ಕೇ ಹೋಗುತ್ತದೆ. ಒಬ್ಬರೇ ಮಾಲೀಕರಾದ ಅಂಗಡಿಯಾದರೆ ಇನ್ನೊಂದು ವಿಷಯವೂ ಇದೆ. ಅದೇ ಬ್ಯಾಂಕಿನಲ್ಲಿ ನಿಮ್ಮ ಸ್ವಂತ ಎಸ್‌ಬಿ ಖಾತೆ ಇದ್ದರೆ ಎರಡನ್ನೂ ಸೇರಿಸಿಯೇ 5 ಲಕ್ಷ. ಪಾಲುದಾರಿಕೆ ಸಂಸ್ಥೆಗೆ ಮಾತ್ರ ಬೇರೆ ಲೆಕ್ಕ.

ಮೂರನೆಯದು ಪೇಮೆಂಟ್ಸ್ ಬ್ಯಾಂಕ್. ಅಲ್ಲಿ ದಿನದ ಕೊನೆಗೆ 2 ಲಕ್ಷಕ್ಕಿಂತ ಜಾಸ್ತಿ ಇಡುವಂತಿಲ್ಲ, ಅವರು ಸಾಲವನ್ನೂ ಕೊಡುವಂತಿಲ್ಲ. 2024ರ ಜನವರಿ ಕೊನೆಯಲ್ಲಿ ರಿಸರ್ವ್ ಬ್ಯಾಂಕ್ ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿತು. ಮಾರ್ಚ್ 15ರ ನಂತರ ಅಲ್ಲಿಗೆ ಹೊಸದಾಗಿ ಹಣ ಜಮೆ ಆಗುವುದೇ ನಿಂತಿತು. ವ್ಯಾಪಾರದ ದುಡ್ಡೆಲ್ಲ ಅಲ್ಲಿಗೇ ಬರುವಂತೆ ಮಾಡಿಕೊಂಡಿದ್ದವರು ಆತುರಾತುರವಾಗಿ ಬೇರೆ ಖಾತೆ ಹುಡುಕಬೇಕಾಯಿತು.

ಯಾರಿಗೆ ಡಿಜಿಟಲ್ ಖಾತೆ ಹೊಂದುತ್ತದೆ? ಎಚ್‌ಎಸ್‌ಆರ್ ಲೇಔಟಿನಲ್ಲಿ ಡಿಸೈನ್ ಕೆಲಸ ಮಾಡುವವರಿಗೆ, ಆನ್‌ಲೈನಿನಲ್ಲಿ ಸರಕು ಮಾರುವವರಿಗೆ ಧಾರಾಳವಾಗಿ. ಅವರ ಕೈಗೆ ನೋಟೇ ಬರುವುದಿಲ್ಲ. ಕೆ.ಆರ್. ಮಾರ್ಕೆಟ್ಟಿನ ಹೂವಿನ ಮಂಡಿಯವರಿಗೆ, ನಗದು ವ್ಯಾಪಾರ ಜೋರಾಗಿರುವ ಚಿಕ್ಕಪೇಟೆ ಅಂಗಡಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಸಂಜೆ ಕಲೆಕ್ಷನ್ ಕಟ್ಟಲು ಒಂದು ಕೌಂಟರ್ ಬೇಕೇ ಬೇಕು. ಓವರ್‌ಡ್ರಾಫ್ಟ್ (ಓಡಿ) ಅಥವಾ ಕ್ಯಾಶ್ ಕ್ರೆಡಿಟ್ ಸಾಲ ಇದ್ದವರೂ ದುಡುಕಬಾರದು. ಸಾಲ ಕೊಟ್ಟ ಬ್ಯಾಂಕ್ ನಿಮ್ಮ ವಹಿವಾಟು ತನ್ನಲ್ಲೇ ಓಡಲಿ ಅಂತ ಬಯಸುತ್ತದೆ. ಅದು ಕಡಿಮೆಯಾದರೆ ಮುಂದಿನ ರಿನ್ಯೂವಲ್‌ನಲ್ಲಿ ಲಿಮಿಟ್ಟಿಗೆ ಕತ್ತರಿ ಬೀಳಬಹುದು. ಮೊದಲು ಅವರ ಹತ್ತಿರ ಮಾತಾಡಿ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಗಳಿಗೆ ನೋಟಿಸ್ ಕಳಿಸಿತಲ್ಲ, ಆಮೇಲೆ ಬ್ಯಾಂಕ್ ಬದಲಿಸಿದರೆ ತಪ್ಪಿಸಿಕೊಳ್ಳಬಹುದು ಅಂದುಕೊಂಡವರೂ ಇದ್ದಾರೆ. ಸುಮ್ನೆ ಶ್ರಮ. ಪ್ಯಾನ್ ಒಂದೇ ಇರುವಾಗ ಬ್ಯಾಂಕ್ ಎಷ್ಟು ಬದಲಿಸಿದರೇನು?

ಖಾತೆ ತೆರೆಯುವುದು ನಿಜಕ್ಕೂ ಸುಲಭ. ಒಬ್ಬರೇ ಮಾಲೀಕರಾದ ಸಂಸ್ಥೆಗೂ 2021ರಿಂದ ವಿಡಿಯೊ ಕೆವೈಸಿ ನಡೆಯುತ್ತದೆ. ಜಿಎಸ್‌ಟಿ ಸರ್ಟಿಫಿಕೇಟ್, ಉದ್ಯಮ್ ನೋಂದಣಿ, ಪಾಲಿಕೆಯ ಟ್ರೇಡ್ ಲೈಸೆನ್ಸ್, ಇವುಗಳಲ್ಲಿ ಎರಡು ಇದ್ದರೆ ಸಾಮಾನ್ಯವಾಗಿ ಸಾಕು. ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಒಂದರಲ್ಲಿ 'ಟ್ರೇಡರ್ಸ್', ಇನ್ನೊಂದರಲ್ಲಿ 'ಎಂಟರ್‌ಪ್ರೈಸಸ್' ಅಂತ ಇದ್ದರೆ ಅರ್ಜಿ ವಾಪಸ್. ಮೊದಲೇ ಸರಿಮಾಡಿಸಿ.

ಅಸಲಿ ಕೆಲಸ ಇರುವುದು ಆಮೇಲೆ. ಮೊಬೈಲ್ ನಂಬರಿನ ಹಾಗೆ ಖಾತೆ ನಂಬರನ್ನು ಇನ್ನೊಂದು ಬ್ಯಾಂಕಿಗೆ ಒಯ್ಯಲು ಬರುವುದಿಲ್ಲ. ಸಿಂಡಿಕೇಟ್ ಬ್ಯಾಂಕ್ ಕೆನರಾ ಜೊತೆ ಸೇರಿದಾಗ ಬರೀ ಐಎಫ್‌ಎಸ್‌ಸಿ ಬದಲಾದದ್ದಕ್ಕೇ ಎಷ್ಟು ಪರದಾಡಿದೆವು, ನೆನಪಿದೆಯಾ? ಇಲ್ಲಿ ನಂಬರೂ ಬದಲು. ಪೀಣ್ಯದಲ್ಲಿ ಲೇತ್ ಇಟ್ಟುಕೊಂಡು ದೊಡ್ಡ ಕಂಪನಿಗೆ ಬಿಡಿಭಾಗ ಕೊಡುವವರನ್ನೇ ತೆಗೆದುಕೊಳ್ಳಿ. ಆ ಕಂಪನಿಯ ಸಿಸ್ಟಮ್‌ನಲ್ಲಿ ಇವರ ಹಳೆ ಖಾತೆ ಇರುತ್ತದೆ. "ನಮ್ಮ ಬ್ಯಾಂಕ್ ಬದಲಾಗಿದೆ" ಅಂತ ಒಂದು ಇಮೇಲ್ ಹಾಕಿದರೆ ಅವರು ನಂಬುವುದಿಲ್ಲ, ನಂಬಲೂಬಾರದು. ಮೋಸಗಾರರು ಕಳಿಸುವುದೂ ಅದೇ ಒಕ್ಕಣೆಯ ಇಮೇಲ್. ಲೆಟರ್‌ಹೆಡ್ಡಿನಲ್ಲಿ ಸಹಿ, ಸೀಲು ಹಾಕಿ, ಕ್ಯಾನ್ಸಲ್ ಮಾಡಿದ ಚೆಕ್ ಲಗತ್ತಿಸಿ ಕೊಡಿ. ಅಕೌಂಟ್ಸ್ ವಿಭಾಗಕ್ಕೆ ನೀವೇ ಫೋನ್ ಮಾಡಿ. ಹೊಸ ಖಾತೆಗೆ ಚೆಕ್‌ಬುಕ್ ತಾನಾಗಿ ಬರುತ್ತದಾ, ಕೇಳಿ ತರಿಸಬೇಕಾ ಅಂತ ಮೊದಲೇ ವಿಚಾರಿಸಿ. 2025ರ ಏಪ್ರಿಲ್‌ನಿಂದ ನೆಫ್ಟ್, ಆರ್‌ಟಿಜಿಎಸ್ ಮಾಡುವಾಗ ದುಡ್ಡು ಹೋಗುವ ಖಾತೆಯ ಹೆಸರು ನೋಡುವ ಸೌಲಭ್ಯ ಬಂದಿದೆ. ಅದನ್ನು ನೋಡಿಯೇ ಕಳಿಸಿ ಅಂತ ಗಿರಾಕಿಗೆ ಹೇಳಿ. ಇಷ್ಟಾದರೂ ಒಂದೆರಡು ಬಿಲ್ಲಿನ ದುಡ್ಡು ಹಳೆ ಖಾತೆಗೇ ಬಂದು ಬೀಳುತ್ತದೆ.

ಇಎಂಐಗಳನ್ನು ಕೊನೆಗೆ ಬದಲಿಸಿ. ಹೊಸ ಮ್ಯಾಂಡೇಟ್ (ಕಂತು ತಾನಾಗಿ ಕಟ್ ಆಗಲು ಕೊಡುವ ಒಪ್ಪಿಗೆ) ನೋಂದಣಿಯಾಗಿ ಹೊಸ ಖಾತೆಯಿಂದ ಒಂದು ಕಂತು ಕಟ್ ಆಗುವವರೆಗೆ ಹಳೆಯದರಲ್ಲಿ ದುಡ್ಡಿರಲಿ. ಸಪ್ಲೈಯರಿಗೆ ಮುಂದಿನ ತಾರೀಖಿನ ಚೆಕ್ ಕೊಟ್ಟಿದ್ದರೆ ಅದನ್ನು ವಾಪಸ್ ತರಿಸಿಕೊಳ್ಳಿ. "ಖಾತೆ ಮುಚ್ಚಿದೆ" ಅಂತ ಚೆಕ್ ಬೌನ್ಸ್ ಆದರೂ ಸೆಕ್ಷನ್ 138ರ ಕೇಸು ಬೀಳುತ್ತದೆ. ಕ್ಯೂಆರ್ ಸ್ಟಿಕ್ಕರ್ ಆ್ಯಪ್ ಕಂಪನಿಯದಾದರೆ ಆ್ಯಪ್‌ನಲ್ಲಿ ಖಾತೆ ಬದಲಿಸಿದರೆ ಆಯಿತು. ಬ್ಯಾಂಕಿನದಾದರೆ ಸ್ಟಿಕ್ಕರನ್ನೇ ಬದಲಿಸಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನಾನ್-ಕೋರ್ ತಿದ್ದುಪಡಿಯಲ್ಲಿ ಹೊಸ ಖಾತೆ ಸೇರಿಸಬಹುದು, ಅಧಿಕಾರಿಯ ಒಪ್ಪಿಗೆ ಬೇಕಿಲ್ಲ. ಆದಾಯ ತೆರಿಗೆ ಪೋರ್ಟಲ್‌ನಲ್ಲೂ ಹೊಸ ಖಾತೆಯನ್ನು ವ್ಯಾಲಿಡೇಟ್ ಮಾಡಿಸಿ, ಇಲ್ಲದಿದ್ದರೆ ರೀಫಂಡ್ ಬರುವುದಿಲ್ಲ.

ಎರಡು ಖಾತೆ ಇರಲಿ ಅಂತ ನಾನು ಹಟ ಹಿಡಿಯಲು ಇನ್ನೊಂದು ಕಾರಣ ಇದೆ. ಯಾರೋ ಸೈಬರ್ ವಂಚನೆಯ ದುಡ್ಡಿನಲ್ಲಿ ನಿಮ್ಮ ಅಂಗಡಿಗೆ ಬಂದು ಸಾಮಾನು ಕೊಂಡು ಯುಪಿಐ ಮಾಡಿರುತ್ತಾನೆ. ದೂರು ಬೇರೆ ಯಾವುದೋ ರಾಜ್ಯದಲ್ಲಿ ದಾಖಲಾಗುತ್ತದೆ. ಇತ್ತ ನಿಮ್ಮ ಖಾತೆ ಫ್ರೀಜ್. ಬ್ರಾಂಚ್ ಇದ್ದರೆ ಮ್ಯಾನೇಜರ್ ಮುಂದೆ ಕೂತು ದೂರಿನ ನಂಬರ್ ಏನು, ಯಾವ ಠಾಣೆ, ಎಷ್ಟು ಮೊತ್ತಕ್ಕೆ ತಡೆ ಅಂತ ಕೇಳಬಹುದು. ಆ್ಯಪ್‌ನ ಚಾಟ್‌ನಲ್ಲಿ ನಮ್ಮ ಕ್ಲೈಂಟ್ ಒಬ್ಬರಿಗೆ ದಿನವೂ ಸಿಕ್ಕಿದ್ದು ಒಂದೇ ರೆಡಿಮೇಡ್ ಉತ್ತರ. ಅವರು ಹುಡುಗರಿಗೆ ಸಂಬಳ ಕೊಟ್ಟಿದ್ದು ಹಳೆ ಖಾತೆಯಿಂದ.

ಹಣಕಾಸು ವರ್ಷ ಮುಗಿದು, ಹಳೆಯದಕ್ಕೆ ಯಾವ ದುಡ್ಡೂ ಬರುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ಬೇಕಿದ್ದರೆ ಮುಚ್ಚಿ. ಮುಚ್ಚಿದ ಮೇಲೆ ನೆಟ್‌ಬ್ಯಾಂಕಿಂಗ್ ಸಿಗುವುದಿಲ್ಲ. ಹಾಗಾಗಿ ಹಿಂದಿನ ವರ್ಷಗಳ ಸ್ಟೇಟ್‌ಮೆಂಟ್ ಪೂರ್ತಿ ಇಳಿಸಿಕೊಳ್ಳಿ. ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಕೊನೆ ದಿನದಿಂದ 72 ತಿಂಗಳು ಇಟ್ಟಿರಬೇಕು. ಬಳಸದ ಚೆಕ್ ಹಾಳೆಗಳನ್ನು ಬ್ರಾಂಚಿಗೆ ಒಪ್ಪಿಸಿ, ಖಾತೆ ಮುಚ್ಚಿದ ಪತ್ರ ಕೇಳಿ ತೆಗೆದುಕೊಳ್ಳಿ. ಜಿಎಸ್‌ಟಿ ಪೋರ್ಟಲ್‌ನಿಂದ ಹಳೆ ನಂಬರ್ ತೆಗೆಯುವುದು ಅದಾದ ಮೇಲೆ, ರೀಫಂಡ್ ಯಾವುದೂ ಬಾಕಿ ಇಲ್ಲ ಅಂತ ನೋಡಿಕೊಂಡು.