ಅಲೆಯ ಸುಕ್ಕಿನಲ್ಲಿ ಅನಿಲದ ಲೆಕ್ಕ

ನಾವು ಗಾಳಿಗೆ ಬಿಡುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲುಭಾಗವನ್ನು ಕಡಲು ಹೀರಿಕೊಳ್ಳುತ್ತದೆ. ಇದನ್ನು ನೀವೂ ಓದಿರುತ್ತೀರಿ. ಆದರೆ ಅನಿಲ ನೀರಿಗಿಳಿಯುವುದು ಯಾವ ಉಪಗ್ರಹಕ್ಕೂ ಕಾಣುವುದಿಲ್ಲ. ಅದಕ್ಕೆ ಕಾಣುವುದು ನೀರಿನ ಮೇಲಿನ ಸುಕ್ಕು.

ಕಡಲಿನ ಮೇಲ್ಮೈಯಲ್ಲಿ ಒಂದು ಮಿಲಿಮೀಟರಿಗಿಂತ ತೆಳುವಾದ ನೀರಿನ ಪದರವಿದೆ. ಅನಿಲಕ್ಕೆ ಅದೇ ಅಡ್ಡಿ. ಗಾಳಿ ಬೀಸಿ ಕಲಕಿದಷ್ಟೂ ಅದನ್ನು ದಾಟುವುದು ಸುಲಭ. ಹೆಚ್ಚಾಗಿ ಬಳಸುವ ಸೂತ್ರದ ಪ್ರಕಾರ ಗಾಳಿಯ ವೇಗ ಎರಡು ಪಟ್ಟಾದರೆ ಅನಿಲ ದಾಟುವ ವೇಗ ನಾಲ್ಕು ಪಟ್ಟಾಗುತ್ತದೆ. ಅಂದರೆ ಗಾಳಿಯ ಅಳತೆಯಲ್ಲಿ ಸಣ್ಣ ತಪ್ಪಾದರೂ ಲೆಕ್ಕ ಜಾಸ್ತಿನೇ ಕೆಡುತ್ತದೆ.

ಅಷ್ಟು ಎತ್ತರದಿಂದ ಗಾಳಿ ಅಳೆಯುವುದು ಹೇಗೆ? ಅದಕ್ಕಿರುವುದು ಸ್ಕ್ಯಾಟರೋಮೀಟರ್ ಎಂಬ ರೇಡಾರ್. ಇಸ್ರೋದ ಓಷನ್‌ಸ್ಯಾಟ್-2 (2009), ಸ್ಕ್ಯಾಟ್‌ಸ್ಯಾಟ್-1 (2016), ಇಒಎಸ್-06 (2022) ಮೂರೂ ಇದನ್ನು ಹೊತ್ತೇ ಹಾರಿದವು. ಸುಮಾರು 2 ಸೆಂ.ಮೀ. ತರಂಗಾಂತರದ ಮೈಕ್ರೋವೇವ್‌ಗಳನ್ನು ಇದು ನೀರಿನತ್ತ ಓರೆಯಾಗಿ ಬಿಡುತ್ತದೆ. ನೀರು ನಯವಾಗಿದ್ದರೆ ಅವು ಆಚೆಗೆ ಚಿಮ್ಮಿ ಹೋಗುತ್ತವೆ. ಗಾಳಿಯಿಂದ ಸೆಂಟಿಮೀಟರ್ ಗಾತ್ರದ ಕಿರುಅಲೆಗಳು ಎದ್ದಿದ್ದರೆ ಒಂದಿಷ್ಟು ವಾಪಸ್ ಬರುತ್ತವೆ. ಎಷ್ಟು ಬಂತು ಎಂಬುದರ ಮೇಲೆ ಗಾಳಿಯ ವೇಗ ಗೊತ್ತಾಗುತ್ತದೆ.

ನನಗೆ ಇಷ್ಟವಾಗುವ ವಿಷಯ ಇಲ್ಲಿದೆ. ಆ ತೆಳು ಪದರವನ್ನು ಕಲಕುವುದರಲ್ಲೂ ಇದೇ ಪುಟ್ಟ ಅಲೆಗಳ ಪಾತ್ರ ದೊಡ್ಡದು. ನೀರಿನ ಮೇಲೆ ಜಿಡ್ಡಿನ ಪೊರೆ ಹರಡಿದ್ದರೆ ಅದೇ ಗಾಳಿಗೂ ಸುಕ್ಕು ಕಡಿಮೆ, ಅನಿಲದ ಓಡಾಟವೂ ಕಡಿಮೆ. ಹಾಗಾಗಿ ಕೆಲವು ಸಂಶೋಧಕರು ಗಾಳಿಯ ಗೋಜಿಗೇ ಹೋಗದೆ, ರೇಡಾರ್ ಕಂಡ ಸುಕ್ಕಿನಿಂದಲೇ ನೇರವಾಗಿ ಲೆಕ್ಕ ಹಾಕುತ್ತಾರೆ.

ಇಷ್ಟಾದರೂ ಸಿಕ್ಕಿದ್ದು ಅನಿಲ ದಾಟುವ ವೇಗ ಮಾತ್ರ. ಅನಿಲ ಒಳಗೆ ಹೋಗುತ್ತದೋ ಹೊರಗೆ ಬರುತ್ತದೋ? ಅದು ನೀರಿನಲ್ಲಿ ಅನಿಲ ಎಷ್ಟು ಕರಗಿದೆ ಎಂಬುದರ ಮೇಲಿದೆ. ನಮ್ಮ ಅರಬ್ಬಿ ಸಮುದ್ರವನ್ನೇ ನೋಡಿ. ಮುಂಗಾರಿನ ಗಾಳಿ ಸೊಮಾಲಿಯಾ, ಒಮಾನ್ ತೀರಗಳಲ್ಲಿ ಆಳದ ತಣ್ಣೀರನ್ನು ಮೇಲಕ್ಕೆ ಎಳೆಯುತ್ತದೆ. ಆ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ. ಅದೇ ಗಾಳಿ ಅದನ್ನು ಬೇಗ ಹೊರಗೂ ಹಾಕುತ್ತದೆ. ವರ್ಷದ ಲೆಕ್ಕದಲ್ಲಿ ಅರಬ್ಬಿ ಸಮುದ್ರ ಈ ಅನಿಲವನ್ನು ಹೀರುವುದಕ್ಕಿಂತ ಬಿಡುವುದೇ ಹೆಚ್ಚು.

ನೀರಿನಲ್ಲಿ ಕರಗಿದ ಅನಿಲವನ್ನು ಹಡಗಿನಲ್ಲಿ ಹೋಗಿಯೋ ತೇಲುವ ಉಪಕರಣ ಬಿಟ್ಟೋ ಅಲ್ಲೇ ಅಳೆಯಬೇಕು. ಅವು ತಲುಪದ ಕಡೆಗೆ ಉಪಗ್ರಹ ಕಂಡ ನೀರಿನ ಉಷ್ಣತೆ, ಪಾಚಿಯ ಹಸಿರು ನೋಡಿ ಅಂದಾಜು ಮಾಡುತ್ತಾರೆ. ಆದರೆ ಮುಂಗಾರಿನಲ್ಲಿ ಆ ಹಸಿರು ಮೋಡದಡಿ ಮುಚ್ಚಿಹೋಗುತ್ತದೆ. ಮೈಕ್ರೋವೇವ್‌ಗೆ ಮೋಡ ಅಡ್ಡಿಯಲ್ಲ, ಜೋರು ಮಳೆಯದ್ದೇ ಕಾಟ. ಅನಿಲ ಹೆಚ್ಚು ಹೊರಬರುವ ತಿಂಗಳುಗಳಲ್ಲೇ ಹೀಗಾಗುತ್ತದೆ.