ರೂಟರ್ ಅಪ್‌ಗ್ರೇಡ್: ರೀಲೋಡ್‌ಗೆ ಮೊದಲೇ ವಾಪಸ್ ಬರುವ ದಾರಿ ನೋಡಿಕೊಳ್ಳಿ

ದೊಡ್ಡ ಸಂಸ್ಥೆಯ ರೂಟರ್‌ನಲ್ಲಿ ಸಾಫ್ಟ್‌ವೇರ್ ಬದಲಿಸಲು ಬೇಕಾಗುವುದು ಕೆಲವೇ ಕಮಾಂಡ್‌ಗಳು. ಆದರೆ ರೀಲೋಡ್ (ಮರುಚಾಲನೆ) ಆದ ಮೇಲೆ ರೂಟರ್ ಏಳದಿದ್ದರೆ ಎಲ್ಲರ ಕೆಲಸವೂ ನಿಲ್ಲುತ್ತದೆ. ಅದಕ್ಕೇ ನಾನು ತಂಡದವರನ್ನು ಮೊದಲು ಕೇಳುವುದು ಇಷ್ಟೇ: ಹೊಸದು ಕೈಕೊಟ್ಟರೆ ಹಳೆಯದಕ್ಕೆ ಹೇಗೆ ಮರಳುತ್ತೀರಿ?

ಹಾಗಂತ ಸುಮ್ನೆ ಮುಂದೂಡುತ್ತಾ ಹೋಗುವಂತೆಯೂ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಸಿಸ್ಕೋ ಕಂಪನಿಯ ರೂಟರ್‌ಗಳಲ್ಲಿ ಓಡುವ ಐಒಎಸ್ ಎಕ್ಸ್‌ಇ ಸಾಫ್ಟ್‌ವೇರ್‌ನ ವೆಬ್ ಇಂಟರ್‌ಫೇಸ್‌ನಲ್ಲಿ ಒಂದು ದೋಷ ಬಯಲಾಯಿತು. ತೀವ್ರತೆ ಹತ್ತಕ್ಕೆ ಹತ್ತು. ಪಾಸ್‌ವರ್ಡ್ ಇಲ್ಲದೆಯೇ ಹೊರಗಿನವರು ಪೂರ್ತಿ ಅಧಿಕಾರವಿರುವ ಖಾತೆ ತೆರೆದುಕೊಳ್ಳಬಹುದಿತ್ತು. ಇಂಥದಕ್ಕೆ ಅಪ್‌ಗ್ರೇಡ್ ಮಾಡಲೇಬೇಕು.

ಸಿಸ್ಕೋ ರೂಟರನ್ನೇ ತೆಗೆದುಕೊಳ್ಳೋಣ. 'ಶೋ ವರ್ಷನ್' ಕೊಟ್ಟು ಮಾಡೆಲ್, ಮೆಮೊರಿ, ಈಗಿನ ಇಮೇಜ್ (ರೂಟರ್ ಓಡಿಸುವ ಸಾಫ್ಟ್‌ವೇರ್ ಫೈಲ್) ಬರೆದಿಟ್ಟುಕೊಳ್ಳಿ. ಹೊಸ ಆವೃತ್ತಿಯ ರಿಲೀಸ್ ನೋಟ್ಸ್ ಓದಿ. ರೂಟರ್ ಫೈಲ್‌ಗಳನ್ನು ಇಟ್ಟುಕೊಳ್ಳುವ ಫ್ಲ್ಯಾಶ್‌ನಲ್ಲಿ ಹಳೆಯ, ಹೊಸ ಇಮೇಜ್ ಎರಡಕ್ಕೂ ಜಾಗ ಇರಬೇಕು. ಜಾಗ ಸಾಲದು ಅಂತ ಓಡುತ್ತಿರುವ ಇಮೇಜನ್ನೇ ಅಳಿಸುವವರಿದ್ದಾರೆ. ದಯವಿಟ್ಟು ಬೇಡ.

ಫೈಲ್ ಕಳಿಸಲು ಎಸ್‌ಸಿಪಿ (ನೆಟ್‌ವರ್ಕ್ ಮೂಲಕ ಸುರಕ್ಷಿತವಾಗಿ ಕಳಿಸುವ ವಿಧಾನ) ಅಥವಾ ಯುಎಸ್‌ಬಿ ವಾಸಿ. ಟಿಎಫ್‌ಟಿಪಿ ಎಂಬ ಹಳೆಯ, ಸರಳ ವಿಧಾನದ ಮೂಲ ರೂಪದಲ್ಲಿ 512 ಬೈಟ್‌ನ ಬ್ಲಾಕ್‌ಗಳು 65,535ಕ್ಕೆ ಮುಗಿಯುತ್ತವೆ, ಅಂದರೆ ಸುಮಾರು 32 ಎಂಬಿ. ಈಗಿನ ಇಮೇಜ್‌ಗಳು ಅದಕ್ಕಿಂತ ಎಷ್ಟೋ ದೊಡ್ಡವು. ಫೈಲ್ ಬಂದ ಮೇಲೆ ಅದರ ಹ್ಯಾಶ್ (ಫೈಲ್‌ನ ಬೆರಳಚ್ಚಿನಂಥ ಸಂಕೇತ) ತೆಗೆದು, ಕಂಪನಿ ಕೊಟ್ಟಿರುವುದರ ಜೊತೆ ತಾಳೆ ನೋಡಿ.

ಜಾಸ್ತಿ ಜನ ಎಡವುವುದು ಯಾವ ಇಮೇಜ್‌ನಿಂದ ಏಳಬೇಕೆಂದು ರೂಟರ್‌ಗೆ ಹೇಳುವ 'ಬೂಟ್ ಸಿಸ್ಟಂ' ಸಾಲುಗಳಲ್ಲಿ. ರೂಟರ್ ಅವನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ನೀವು ಹೊಸದಾಗಿ ಸೇರಿಸಿದ ಸಾಲು ಕೊನೆಗೆ ಹೋಗಿ ಕೂರುತ್ತದೆ. ಹಳೆಯ ಸಾಲು ಮೇಲೇ ಇದ್ದರೆ ರೀಲೋಡ್ ಆದ ಮೇಲೂ ಹಳೆಯ ಆವೃತ್ತಿಯೇ ಬರುತ್ತದೆ, ಅಲ್ವಾ? ಹಾಗಾಗಿ ಎಲ್ಲ ತೆಗೆದು, ಮೊದಲು ಹೊಸ ಇಮೇಜ್, ಅದರ ಕೆಳಗೆ ಹಳೆಯದು ಬರೆಯಿರಿ. ಮೊದಲನೆಯದು ಲೋಡ್ ಆಗದಿದ್ದರೆ ಎರಡನೆಯದು ಕೈಹಿಡಿಯುತ್ತದೆ. ರೂಟರ್ ಹೇಗೆ ಏಳಬೇಕೆಂದು ತೀರ್ಮಾನಿಸುವ ಕಾನ್ಫಿಗರೇಶನ್ ರಿಜಿಸ್ಟರ್ ಸಾಮಾನ್ಯವಾಗಿ 0x2102 ಇರಬೇಕು. 0x2142 ಇದ್ದರೆ ಉಳಿಸಿಟ್ಟ ಕಾನ್ಫಿಗರೇಶನ್ (ರೂಟರ್‌ನ ಸೆಟ್ಟಿಂಗ್‌ಗಳು) ಓದದೆ ಖಾಲಿಯಾಗಿ ಏಳುತ್ತದೆ.

ಕಾನ್ಫಿಗರೇಶನ್‌ನ ಒಂದು ನಕಲು ರೂಟರ್‌ನ ಹೊರಗೂ ಇರಲಿ. ಹೊಸ ಆವೃತ್ತಿಗೆ ಅರ್ಥವಾಗದ ಹಳೆಯ ಕಮಾಂಡ್‌ಗಳು ಬಿಟ್ಟುಹೋಗುತ್ತವೆ. ಅದನ್ನು ಗಮನಿಸದೆ ಸೇವ್ ಮಾಡಿದರೆ ಅವು ಹೋದಂತೆಯೇ.

ರೀಲೋಡ್ ಹೊತ್ತಿಗೆ ಕಂಪ್ಯೂಟರನ್ನು ರೂಟರ್‌ಗೆ ನೇರವಾಗಿ ಜೋಡಿಸುವ ಕನ್ಸೋಲ್ ಕೇಬಲ್ ಹಾಕಿರಲೇಬೇಕು. ಇಮೇಜ್ ಲೋಡ್ ಆಗದೆ ರೂಟರ್ ರಾಮ್‌ಮಾನ್ (ROMMON, ಬೂಟ್ ಹಂತದ ಪುಟ್ಟ ಪ್ರೋಗ್ರಾಂ) ಪ್ರಾಂಪ್ಟ್‌ನಲ್ಲಿ ನಿಂತರೆ, ನೆಟ್‌ವರ್ಕ್ ಮೂಲಕ ಲಾಗಿನ್ ಆಗುವ ಎಸ್‌ಎಸ್‌ಎಚ್ ಸಿಗುವುದಿಲ್ಲ. ಇಮೇಜನ್ನೇ ಕನ್ಸೋಲ್ ಮೂಲಕ ಕಳಿಸುವ ಯೋಚನೆ ಬೇಡ: ಸೆಕೆಂಡಿಗೆ 9600 ಬಿಟ್ ವೇಗದಲ್ಲಿ 100 ಎಂಬಿ ಹೋಗಲು ಒಂದು ದಿನವೂ ಸಾಲುವುದಿಲ್ಲ.

ರೂಟರ್ ಎದ್ದ ಮೇಲೆ ಬರೀ ಆವೃತ್ತಿ ನೋಡಿ ಬಿಡಬೇಡಿ. ಇಂಟರ್‌ಫೇಸ್, ಒಎಸ್‌ಪಿಎಫ್ ಮತ್ತು ಬಿಜಿಪಿ (ರೂಟರ್‌ಗಳು ಪರಸ್ಪರ ದಾರಿ ತಿಳಿಸುವ ಪ್ರೋಟೋಕಾಲ್‌ಗಳು) ನೆರೆಯ ರೂಟರ್‌ಗಳು, ರೂಟ್‌ಗಳ ಸಂಖ್ಯೆ ಎಲ್ಲವನ್ನೂ ಮೊದಲು ತೆಗೆದಿಟ್ಟ ಔಟ್‌ಪುಟ್ ಜೊತೆ ಹೋಲಿಸಿ. ಎಕ್ಸ್‌ಇಯ ಇನ್‌ಸ್ಟಾಲ್ ಮೋಡ್‌ನಲ್ಲಿ ಇದಕ್ಕೊಂದು ಅನುಕೂಲವಿದೆ. ಹೊಸ ಆವೃತ್ತಿ ಆಕ್ಟಿವೇಟ್ ಆದ ಮೇಲೆ ಕಮಿಟ್ (ಇದೇ ಇರಲಿ ಎಂದು ಖಚಿತಪಡಿಸುವ ಕಮಾಂಡ್) ಕೊಡದಿದ್ದರೆ, ಟೈಮರ್ ಮುಗಿದಾಗ ತಾನಾಗೇ ಹಳೆಯದಕ್ಕೆ ಮರಳುತ್ತದೆ. ಈ ಹೋಲಿಕೆ ಮುಗಿಯುವವರೆಗೆ ಕಮಿಟ್ ಕೊಡಬೇಡಿ.